ಕಿಲ್ಲೇದಾರ ಮಶಾಕಸಾಬನ ಕೆರೆ

ಗೊಡಚಿಹಾಳದ ಕೆರೆಯ ಏರಿಯ ಮೇಲೆ ಇಪ್ಪತ್ತೆರಡು ವರ್ಷಗಳಲ್ಲಿ ಚಪ್ಪಲಿ ಮೆಟ್ಟಿ ನಡೆದವರು ಯಾರೂ ಇಲ್ಲ. ನಡೆಯಲು ನೋಡಿದವರು ಬೇಕಾದಷ್ಟು ಜನ. ಅವರ ಹೆಸರು, ಅವರ ಅಪ್ಪಂದಿರ ಹೆಸರು, ಅದು ಯಾವ ವರ್ಷ ಯಾವ ತಿಂಗಳು ಎಂಬುದೆಲ್ಲ ಮಶಾಕಸಾಬನಿಗೆ ಬಾಯಿಪಾಠ. ಆಡು ನುಗ್ಗಿಸಿದವರು ಬೇರೆ, ಎಮ್ಮೆ ಇಳಿಸಿದವರು ಬೇರೆ. ಒಮ್ಮೆ ಹೆಣ್ಣು ನೋಡಲು ಬಂದ ಬೀಗರೊಬ್ಬರು, ಪಾಪ, ಊರು ಗೊತ್ತಿಲ್ಲದವರು, ಕೆರೆಯ ಮೆಟ್ಟಿಲ ಮೇಲೆ ಕೂತು ಕಾಲು ತೊಳೆದುಕೊಂಡರು. ಇವನು ಹಚ್ಚಿದ ಬೈಗುಳಕ್ಕೆ ಅವರು ಹೆಣ್ಣನ್ನು ನೋಡದೆಯೇ ಬಸ್ಸು ಹತ್ತಿದರು. ಆ ಹುಡುಗಿಗೆ ಆಮೇಲೆ ಇನ್ನೂ ಒಳ್ಳೆಯ ಮನೆ ಸಿಕ್ಕಿತೆನ್ನಿ. ಅದೂ ತನ್ನಿಂದಲೇ ಆಯಿತು ಎಂದು ಮಶಾಕಸಾಬ ಇವತ್ತಿಗೂ ಹೇಳಿಕೊಳ್ಳುತ್ತಾನೆ.

ಅವನೇನು ದೊಡ್ಡ ಅಧಿಕಾರಿ ಅಲ್ಲ. ಪಂಚಾಯತಿಯ ವಾಟರಮನ್. ಪಂಪಿನ ಮನೆಯ ಕೀಲಿ, ಆರು ವಾಲ್ವು, ಒಂದು ಸೈಕಲ್ಲು, ಇಷ್ಟು ಅವನ ದೌಲತ್ತು. ಅವನ ಅಪ್ಪನೂ ಇದೇ ಕೆಲಸ ಮಾಡಿ ಇದೇ ಏರಿಯ ಮೇಲೆ ಒಂದು ಮಧ್ಯಾಹ್ನ ಕೂತಲ್ಲೇ ಪ್ರಾಣ ಬಿಟ್ಟಿದ್ದ. ಆದರೆ ನವಲಗುಂದ ಸೀಮೆಯ ಕಪ್ಪು ಎರಿ ನೆಲದಲ್ಲಿ ಬದುಕಿದವರಿಗೆ ವಾಟರಮನ್ ಎಂದರೆ ಏನೆಂದು ಗೊತ್ತು. ಇಲ್ಲಿ ಎಲ್ಲಿ ಬೋರು ಹೊಡೆದರೂ ಸವಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಕಟ್ಟುವುದಿಲ್ಲ, ಕುಡಿದರೆ ಹೊಟ್ಟೆ ಸುಮ್ಮನಿರುವುದಿಲ್ಲ. ವರ್ಷಕ್ಕೆ ಎರಡು ಸಲ ಕಾಲುವೆಯಿಂದ ಬಿಟ್ಟ ನೀರನ್ನು ಕೆರೆಗೆ ತುಂಬಿಸಿಕೊಂಡು, ನಾಲ್ಕೂ ದಿಕ್ಕಿಗೆ ಏರಿ ಹಾಕಿ, ತುಪ್ಪದ ಗಡಿಗೆಯ ಹಾಗೆ ಕಾಯಬೇಕು. ಊರಿಗೆಲ್ಲ ಸಿಹಿನೀರು ಅದೊಂದೇ.

ಅವನ ಅಡ್ಡಹೆಸರು ಕಿಲ್ಲೇದಾರ. ಊರ ನಡುವೆ ಒಂದು ಮಣ್ಣಿನ ಹುಡೇ ಇದೆ, ಹಳೆಯ ಕಾವಲು ಬುರುಜು. ಅರ್ಧ ಬಿದ್ದಿದೆ, ಉಳಿದರ್ಧ ಹಟಕ್ಕೆ ಬಿದ್ದು ನಿಂತಿದೆ. ಯಾವುದೋ ಕಾಲದಲ್ಲಿ ಮಶಾಕಸಾಬನ ಹಿರಿಯನೊಬ್ಬ ಅದರ ಕಿಲ್ಲೇದಾರನಾಗಿದ್ದನಂತೆ. ಅದಕ್ಕೆ ಸಾಕ್ಷಿಯಾಗಿ ಮನೆಯ ಟ್ರಂಕಿನಲ್ಲಿ ಮೋಡಿ ಎಂಬ ಹಳೆಯ ಮರಾಠಿ ಬರವಣಿಗೆಯ ಒಂದು ಕಾಗದವಿತ್ತು. ಅದು ಜಮೀನು ಇನಾಮು ಕೊಟ್ಟ ಸನದು ಎಂದು ಮೂರು ತಲೆಮಾರು ನಂಬಿಕೊಂಡು ಬಂದಿತ್ತು. ನಾಲ್ಕು ವರ್ಷದ ಹಿಂದೆ ಮಶಾಕಸಾಬ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಧಾರವಾಡಕ್ಕೆ ಹೋಗಿ, ಮೋಡಿ ಬಲ್ಲ ಮುದುಕರೊಬ್ಬರಿಂದ ಓದಿಸಿದ. ಇನಾಮೂ ಇಲ್ಲ, ಗಿನಾಮೂ ಇಲ್ಲ. ಹುಡೇದ ಒಳಗೆ ಮೂವತ್ತೊಂದು ಜನ ಉಳಿದಿದ್ದೇವೆ, ಜೋಳ ಒಂಬತ್ತು ದಿನಕ್ಕಿದೆ, ಮದ್ದುಗುಂಡು ಮುಗಿಯಿತು, ವೈರಿಗಳು ಮೂರು ಕಡೆ ಇಳಿದಿದ್ದಾರೆ, ದಯಮಾಡಿ ಬೇಗ ದಂಡು ಕಳಿಸಿರಿ ಎಂದು ಆ ಕಿಲ್ಲೇದಾರ ತನ್ನ ಸರದಾರನಿಗೆ ಬರೆದ ಅರ್ಜಿ ಅದು.

ಓದಿದ ಮುದುಕರು ಕನ್ನಡಕ ತೆಗೆದು ಒಂದು ಮಾತು ಹೇಳಿದರು. ಈ ಕಾಗದ ನಿಮ್ಮ ಮನೆಯಲ್ಲೇ ಇದೆ ಎಂದರೆ ಇದು ಹೋಗಲೇ ಇಲ್ಲ. ಬರೆದವನು ಕಳಿಸಲಿಲ್ಲ.

ಆ ಮಾತು ಮಶಾಕಸಾಬನ ಮೈಗೆ ಜಾಲಿ ಮುಳ್ಳಿನಂತೆ ನಟ್ಟಿತು. ಯಾಕೆ ಕಳಿಸಲಿಲ್ಲ? ಒಯ್ಯುವವರು ಸಿಗಲಿಲ್ಲವೋ, ಬೇಡಲು ನಾಚಿಕೆಯಾಯಿತೋ? ಒಳಗಿನ ಮೂವತ್ತೊಂದು ಜನ ಏನಾದರು? ಊಟಕ್ಕೆ ಕೂತಾಗ, ವಾಲ್ವು ತಿರುಗಿಸುವಾಗ, ಇದೇ ಯೋಚನೆ. ಊರ ಜನಕ್ಕಂತೂ ಚೇಷ್ಟೆಗೆ ಒಂದು ವಿಷಯ ಸಿಕ್ಕಿತು. ಮಶಾಕಸಾಬನ ಹಿರಿಯರ ಅರ್ಜಿ ಇನ್ನೂ ವಿಚಾರಣೆಯಲ್ಲಿದೆ ಎಂದು ಹೋಟೆಲಿನಲ್ಲಿ ನಗುತ್ತಿದ್ದರು.

ಇನ್ನೊಂದು ಸಂಗತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಗೊಡಚಿಹಾಳದಲ್ಲಿ ಮುಂಗಾರಿನ ಐದು ಮಂಗಳವಾರ ದ್ಯಾಮವ್ವನ ಹೆಸರಿನಲ್ಲಿ ವಾರ ಹಿಡಿಯುತ್ತಾರೆ. ಆ ದಿನ ದೀಪ ಹಚ್ಚುವ ತನಕ ನೆಲಕ್ಕೆ ಕಬ್ಬಿಣ ತಾಗಿಸುವಂತಿಲ್ಲ, ಮಣ್ಣು ಅಗೆಯುವಂತಿಲ್ಲ, ಹೊರುವಂತಿಲ್ಲ, ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಭೂಮಿಗೆ ಅಷ್ಟಾದರೂ ವಿಶ್ರಾಂತಿ ಬೇಡವೇ ಎಂಬುದು ಹಿರಿಯರ ಮಾತು. ಲಿಂಗಾಯತರು, ಕುರುಬರು, ಮುಸಲ್ಮಾನರು ಎಂಬ ಭೇದವಿಲ್ಲ, ಎಲ್ಲರೂ ಹಿಡಿಯುತ್ತಾರೆ. ಭೂಮಿ ಎಲ್ಲರಿಗೂ ಒಂದೇ ತಾನೇ.

ಆರು ವರ್ಷದ ಹಿಂದೆ ಅಂಥ ಒಂದು ಮಂಗಳವಾರ ಊರ ದೊಡ್ಡ ಮನೆಯ ಕುಬೇರಪ್ಪನ ಟ್ರ್ಯಾಕ್ಟರು ಹೊಲಕ್ಕೆ ಹೋಗಿ ಬಂತು. ಬಂದದ್ದು ಬಂತು, ಆಳು ಅದನ್ನು ಕೆರೆಯ ಮೆಟ್ಟಿಲ ಬಳಿ ನಿಲ್ಲಿಸಿ ತೊಳೆಯತೊಡಗಿದ. ಮಶಾಕಸಾಬ ಸುಮ್ಮನಿರುವ ಆಸಾಮಿಯೇ? ಚಾವಡಿಯಲ್ಲಿ ಹಿರಿಯರನ್ನು ಕೂಡಿಸಿದ. ನೇಮ ಇರುವುದು ಎತ್ತಿಗೆ, ಟ್ರ್ಯಾಕ್ಟರಿಗಲ್ಲ ಎಂದು ಕುಬೇರಪ್ಪ ವಾದಿಸಿದ. ಕಬ್ಬಿಣ ಕಬ್ಬಿಣವೇ, ಅವ್ವನಿಗೆ ಎತ್ತು ಯಾವುದು ಟ್ರ್ಯಾಕ್ಟರು ಯಾವುದು ಎಂಬ ಭೇದವಿಲ್ಲ ಎಂದು ಮಶಾಕಸಾಬ ಪಟ್ಟು ಹಿಡಿದ. ಹಿರಿಯರು ಇವನ ಮಾತೇ ಸರಿ ಎಂದರು. ಅರವತ್ತು ದಾಟಿದ ಕುಬೇರಪ್ಪ ಇಡೀ ಊರ ಮುಂದೆ ಐದು ತೆಂಗಿನಕಾಯಿ ಒಡೆದು, ತಪ್ಪಾಯಿತು ಎಂದು ದ್ಯಾಮವ್ವನ ಮುಂದೆ ಅಡ್ಡಬಿದ್ದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಎದುರಾದರೆ ಒಬ್ಬರು ಆಕಾಶ ನೋಡುತ್ತಾರೆ, ಇನ್ನೊಬ್ಬರು ಗಟಾರು ನೋಡುತ್ತಾರೆ.

ಈ ವರ್ಷದ ಐದನೆಯ ಮಂಗಳವಾರ ಬೆಳಗಾಗುವಾಗ ಬೆಣ್ಣಿಹಳ್ಳ ಬಂದಿತ್ತು.

ಗೊಡಚಿಹಾಳದಲ್ಲಿ ಆ ರಾತ್ರಿ ಹನಿ ಮಳೆ ಬಿದ್ದಿರಲಿಲ್ಲ. ಮಳೆಯೆಲ್ಲ ಮೇಲಿನ ಹುಬ್ಬಳ್ಳಿ, ಕುಂದಗೋಳದ ಕಡೆ. ಬೆಣ್ಣಿಹಳ್ಳದ ಗುಣವೇ ಅದು, ತನ್ನದಲ್ಲದ ಮಳೆಯನ್ನು ಹೊತ್ತುಕೊಂಡು ಕರೆಯದ ಊರಿಗೆ ಬರುತ್ತದೆ. ಮಶಾಕಸಾಬ ಆರು ಗಂಟೆಗೆ ಏರಿ ಹತ್ತಿದಾಗ ಮೂರು ಕಡೆ ನೀರು ಹರಡಿಕೊಂಡಿತ್ತು. ಕೆಂಪಗೆ, ಕಸಕಡ್ಡಿ ಹೊತ್ತುಕೊಂಡು, ಹೊಲಗಳ ಬದುವೆಲ್ಲ ಮುಳುಗಿಸಿ, ಏರಿಯ ಹೊರಮೈಗೆ ಬಂದು ತಾಗಿತ್ತು. ಒಳಗೆ ಕೆರೆಯ ನೀರು ತನ್ನ ಪಾಡಿಗೆ ತಿಳಿಯಾಗಿ ನಿಂತಿತ್ತು. ಊರು ದಿಬ್ಬದ ಮೇಲಿದ್ದುದರಿಂದ ಅಲ್ಲಿಗೆ ಭಯವಿರಲಿಲ್ಲ.

ಭಯವಿದ್ದದ್ದು ಹುಣಸೆಮರದ ಮೂಲೆಗೆ. ಬೇಸಿಗೆಯಲ್ಲಿ ಎರಿ ಮಣ್ಣು ಬಿರುಕು ಬಿಟ್ಟು ಅಲ್ಲಿ ಏರಿ ಮೂವತ್ತು ಮಾರು ಉದ್ದಕ್ಕೆ ಒಂದೂವರೆ ಗೇಣು ಕುಸಿದಿತ್ತು. ಗರಸು ಮಣ್ಣು ಹಾಕಿಸಬೇಕು ಎಂದು ಅವನು ಬರೆದುಕೊಟ್ಟಿದ್ದ. ಮಂಜೂರೂ ಆಗಿತ್ತು. ಮಳೆ ಮುಗಿದ ಮೇಲೆ ಹಾಕುವುದೆಂದು ನಿಂತಿತ್ತು. ಈಗ ಆ ಮೂಲೆಯಲ್ಲಿ ನೀರಿಗೂ ಏರಿಯ ತಲೆಗೂ ನಡುವೆ ಒಂದು ಗೇಣು ಮಾತ್ರ ಉಳಿದಿತ್ತು. ಹಳ್ಳದ ನೀರು ಅಲ್ಲಿಂದ ಒಳಗಿಳಿಯಿತೆಂದರೆ ಏರಿ ಕೊಚ್ಚಿಹೋಗುತ್ತದೆ, ಕೆರೆ ಹೊಲಸಾಗುತ್ತದೆ. ಮುಂದಿನ ಕಾಲುವೆ ನೀರಿಗೆ ಐದು ತಿಂಗಳಿದೆ. ಐದು ತಿಂಗಳು ಈ ಊರು ಏನು ಕುಡಿಯಬೇಕು?

ಅವನ ಕಡೆ ನಾಲ್ಕು ಜನ. ತಾನು, ತಮ್ಮ ಫಕ್ರುಸಾಬ, ಹೆಂಡತಿ ಹುಸೇನಬಿ, ಮತ್ತು ಕುರಿ ಹಟ್ಟಿಗೆ ನೀರು ಹೊಕ್ಕು ಕುರಿಗಳನ್ನು ದಿಬ್ಬಕ್ಕೆ ಹೊಡೆದು ಬಂದಿದ್ದ ಕುರುಬರ ಬೀರೇಶ. ಪಂಪಿನ ಮನೆಯ ಹಿಂದೆ ಹಳೆಯ ಗೋಡೆ ಬಿದ್ದ ಇಟ್ಟಿಗೆ ಚೂರು ರಾಶಿ ಇತ್ತು. ಕೈಯಿಂದಲೇ ಬಾಚಿ ಗೋಣಿಚೀಲಕ್ಕೆ ತುಂಬಿ ಮೂಲೆಗೆ ಒಟ್ಟಿದರು. ಗುದ್ದಲಿ ಪಂಪಿನ ಮನೆಯ ಗೋಡೆಗೆ ಒರಗಿ ನಿಂತಿತ್ತು. ನಾಲ್ವರೂ ಅದನ್ನು ನೋಡಿದರು, ನಾಲ್ವರೂ ಮುಖ ತಿರುಗಿಸಿದರು. ಎಂಟು ಗಂಟೆಗೆ ಇಟ್ಟಿಗೆ ಮುಗಿಯಿತು. ಇಪ್ಪತ್ತಾರು ಚೀಲ, ಏಳು ಮಾರು ಕೂಡ ಆಗಲಿಲ್ಲ. ಅಷ್ಟರಲ್ಲಿ ನೀರು ನಾಲ್ಕು ಬೆರಳು ಏರಿತ್ತು.

ಮಶಾಕಸಾಬ ಹುಡೇದ ಕಡೆ ಓಡಿದ. ಗೊಡಚಿಹಾಳದಲ್ಲಿ ಫೋನು ಸರಿಯಾಗಿ ಹತ್ತುವುದು ಹುಡೇದ ತಲೆಯ ಮೇಲೆ ಮಾತ್ರ. ಮಗಳಿಗೆ ಮಾತಾಡುವವರು, ಸಿಲಿಂಡರು ಬುಕ್ ಮಾಡುವವರು ಎಲ್ಲರೂ ಅಲ್ಲಿಗೇ ಹತ್ತಬೇಕು. ಸವೆದ ಮೆಟ್ಟಿಲನ್ನು ಕೈಯೂರಿ ಹತ್ತಿ, ಏದುಸಿರು ಬಿಡುತ್ತ, ಪಂಚಾಯತಿಯ ಪಿಡಿಓ ಅಮೃತಾ ಮೇಡಂಗೆ ಫೋನು ಹಚ್ಚಿದ. ಹೊರಗಿನವರಿಗೆ ವಾರದ ಹಂಗಿಲ್ಲವಲ್ಲ. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕೆಲಸದವಳು. ಅವಳು ಆಗಲೇ ಎದ್ದು ಹೊರಟಿದ್ದಳು. ಐವತ್ತು ಜನ, ಎರಡು ಟ್ರ್ಯಾಕ್ಟರು, ಸಾವಿರ ಮರಳು ಚೀಲ, ಎಲ್ಲ ಸಿದ್ಧವಾಗಿವೆ, ಆದರೆ ಹಳ್ಳದ ಆಚೆ ದಂಡೆಯಲ್ಲಿ ನಿಂತಿವೆ ಎಂದಳು. ಸೇತುವೆಯ ಮೇಲೆ ಎದೆಮಟ್ಟ ನೀರು. ದೋಣಿಗೆ ಹೇಳಿ ಕಳಿಸಿದ್ದಾಳೆ, ದೋಣಿ ಬರಲು ಮಧ್ಯಾಹ್ನ ಆಗಬಹುದು.

ಒಂಬತ್ತು ಗಂಟೆಗೆ ಮತ್ತೆ ಹತ್ತಿದ. ದೋಣಿ ಹೊರಟಿದೆ ಎಂದಳು. ಒಂಬತ್ತೂವರೆಗೆ ಮತ್ತೆ. ದೋಣಿ ಬೇರೆ ಊರಿಗೆ ಹೋಯಿತು, ಅಲ್ಲಿ ಜನ ಮಾಳಿಗೆ ಮೇಲೆ ಕೂತಿದ್ದಾರೆ, ಜೀವ ಮೊದಲಲ್ಲವೇ ಎಂದಳು. ಹೌದ್ರಿ ಎಂದ. ಹುಡೇದಿಂದ ಇಳಿದ, ಏರಿಗೆ ಓಡಿದ, ನೀರಿಗೆ ಬೆರಳಿಟ್ಟು ನೋಡಿದ, ಮತ್ತೆ ಹುಡೇಗೆ ಓಡಿದ. ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಹೆಂಡತಿ ಕೊಟ್ಟ ಚಹಾ ಕೈಯಲ್ಲೇ ಆರಿತು. ತಾನು ಏನೂ ಮಾಡುತ್ತಿಲ್ಲ, ಸುಮ್ಮನೆ ಹತ್ತಿ ಇಳಿಯುತ್ತಿದ್ದೇನೆ ಎಂಬುದು ಅವನಿಗೇ ತಿಳಿಯುತ್ತಿತ್ತು. ಆದರೂ ಕಾಲು ಕೇಳುತ್ತಿರಲಿಲ್ಲ.

ನಾಲ್ಕನೆಯ ಸಲ ಹತ್ತಿದಾಗ ಹಿಂದೆಯೇ ಫಕ್ರುಸಾಬ ಹತ್ತಿ ಬಂದ. ಅವನು ಊರ ದರ್ಜಿ, ಮೆತ್ತಗಿನ ಮನುಷ್ಯ, ಅಣ್ಣನ ಎದುರು ಬಾಯಿ ಬಿಡುವವನಲ್ಲ. ಮಶಾಕಸಾಬ ಕಣ್ಣಿಗೆ ಕೈ ಅಡ್ಡ ಹಿಡಿದು ದೂರದ ರಸ್ತೆ ನೋಡುತ್ತಿದ್ದ. ರಸ್ತೆ ಎಲ್ಲಿದೆ ಅಲ್ಲಿ, ಬರೀ ನೀರು. ಫಕ್ರುಸಾಬ ಅಣ್ಣನ ರಟ್ಟೆ ಹಿಡಿದು ಇತ್ತ ತಿರುಗಿಸಿದ. ಕೆಳಗೆ ದ್ಯಾಮವ್ವನ ಗುಡಿಯ ಮುಂದೆ, ಕಟ್ಟೆಗಳ ಮೇಲೆ, ಬೇವಿನ ನೆರಳಲ್ಲಿ ಊರ ಗಂಡಸರೆಲ್ಲ ಕೂತಿದ್ದರು. ವಾರದ ದಿನ, ಮಡಿ ಬಟ್ಟೆ, ಕೈಯಲ್ಲಿ ಕೆಲಸವಿಲ್ಲ. ಇನ್ನೂರಕ್ಕೆ ಕಡಿಮೆಯಿಲ್ಲ.

"ಇವರನ್ನ ಕೇಳೂಣು," ಎಂದ ಫಕ್ರುಸಾಬ.

"ಯಾವ ಮಾರಿ ಹೊತ್ತು ಕೇಳ್ಲಿ? ನೇಮ ನೇಮ ಅಂತ ಚಾವಡ್ಯಾಗ ಗಂಟಲ ಹರಕೊಂಡಾಂವ ನಾನ."

"ಅಜ್ಜನ ಕಾಗದ ಟ್ರಂಕಿನ್ಯಾಗ ಐತಿ ನೋಡಣ್ಣ. ಅದರ ಬಾಜುಕ ಇನ್ನೊಂದು ಇಡಾಂವೇನು ನೀ?"

ಮಶಾಕಸಾಬ ತಮ್ಮನ ಮುಖ ನೋಡಿದ. ಸಿಟ್ಟು ಬಂತು, ಬಂದ ಸಿಟ್ಟು ಹೊರಗೆ ಬರಲಿಲ್ಲ. ಇಪ್ಪತ್ತೆರಡು ವರ್ಷ ಈ ಊರಿನವರಿಂದ ಕೆರೆಯನ್ನು ಕಾಯ್ದಿದ್ದ. ಅವರ ಆಡಿನಿಂದ, ಅವರ ಚಪ್ಪಲಿಯಿಂದ, ಅವರ ಎಮ್ಮೆಯಿಂದ. ಇವರೇ ತನ್ನ ದಂಡು ಎಂದು ಒಂದು ದಿನವೂ ಅವನಿಗೆ ಅನ್ನಿಸಿರಲಿಲ್ಲ. ಅವನು ಮೆಟ್ಟಿಲು ಇಳಿಯತೊಡಗಿದ. ಈ ಸಲ ಕಾಲು ಕೆರೆಯ ಕಡೆ ಹೋಗಲಿಲ್ಲ.

ಕುಬೇರಪ್ಪನ ಮನೆ ಗುಡಿಗೆ ಎದುರಿಗೇ ಇತ್ತು. ಅಗಲವಾದ ಕಟ್ಟೆ, ಅದರ ಮೇಲೆ ವಿಭೂತಿ ಹಚ್ಚಿಕೊಂಡು ಕೂತಿದ್ದ ಕುಬೇರಪ್ಪ, ಸುತ್ತ ಹತ್ತಾರು ಹಿರಿಯರು. ಅವರೂ ಬೆಳಗಿನಿಂದ ಹಳ್ಳದ ಮಾತನ್ನೇ ಆಡುತ್ತಿದ್ದರು. ಕೆರೆಗೆ ಹೋಗಿ ನೋಡಿ ಬರಬೇಕು ಎಂದು ಒಂದಿಬ್ಬರು ಎದ್ದಿದ್ದರಂತೆ. ಹೋದರೆ ಮಶಾಕಸಾಬ ಬೈಯುತ್ತಾನೆ, ಕರೆದರೆ ಹೋದರಾಯಿತು ಎಂದು ಮತ್ತೆ ಕೂತಿದ್ದರಂತೆ. ಮೊಣಕಾಲ ತನಕ ಕೆಸರು ಮೆತ್ತಿಕೊಂಡ ಮಶಾಕಸಾಬ ಕಟ್ಟೆಯ ಕೆಳಗೆ ಬಂದು ನಿಂತಾಗ ಎಲ್ಲರೂ ಅತ್ತ ತಿರುಗಿದರು. ಅಂದು ಆಕಾಶ ನೋಡುವ ಪಾಳಿ ಕುಬೇರಪ್ಪನದಾಗಿತ್ತು. ಅವನು ಆಕಾಶ ನೋಡಲಿಲ್ಲ.

"ಕಾಕಾರ," ಎಂದ ಮಶಾಕಸಾಬ. ಆರು ವರ್ಷದ ಮೇಲೆ ಆ ಶಬ್ದ ಅವನ ಬಾಯಿಂದ ಹೊರಟಿತ್ತು. "ಕೆರಿ ಹೊಂಟೈತ್ರಿ. ನನ್ನ ಕೈಲೆ ತಡ್ಯಾಕ ಆಗವಲ್ದು. ಮಂದಿ ಬೇಕ್ರಿ."

ಕುಬೇರಪ್ಪ ಅವನ ಕೆಸರುಗಾಲನ್ನು ನೋಡಿದ. "ಅವತ್ತ ಚಾವಡ್ಯಾಗ ನೀ ಏನಂದಿದ್ದಿ, ನೆನಪೈತೇನು?"

"ಐತ್ರಿ. ಕಬ್ಬಿಣ ಕಬ್ಬಿಣಾನ ಅಂದಿದ್ದೆ."

"ಇವತ್ತ ಏನಂತಿ?"

"ಇವತ್ತೂ ಅದನ್ನ ಅಂತೀನ್ರಿ. ನೇಮ ಮುರೀರಿ ಅನ್ನಾಕ ಬಂದಿಲ್ಲ. ಏನ್ ಮಾಡಬೇಕಂತ ತಿಳೀವಲ್ದು, ಅದಕ್ಕ ನಿಮ್ಮ ಕಡೆ ಬಂದೀನಿ."

ಅಲ್ಲಿದ್ದವರು ಯಾರೂ ಮಶಾಕಸಾಬನ ಬಾಯಿಂದ ತಿಳೀವಲ್ದು ಎಂಬ ಮಾತು ಕೇಳಿರಲಿಲ್ಲ. ಪಡ್ಡೆ ಹುಡುಗರು ಕೆಲವರು ಎದ್ದು, ಸಲಿಕೆ ತರೂಣು, ಅವ್ವ ಕ್ಷಮಿಸುತ್ತಾಳೆ ಎಂದರು. ಗುಡಿಯ ಪೂಜಾರಿ ಮಂಜಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಹೂವಿನ ಬುಟ್ಟಿ ಎಡಗೈಯಿಂದ ಬಲಗೈಗೆ ಬದಲಿಸಿದ. ಹಿರಿಯರಲ್ಲಿ ಎರಡು ಪಕ್ಷವಾಯಿತು. ನಾಲ್ಕು ತಲೆಮಾರು ನಡೆದುಬಂದದ್ದನ್ನು ಕಡೆಯ ವಾರದ ದಿನ ಮುರಿದು ಏನಾದರೂ ಆದರೆ ಯಾರು ಹೊಣೆ ಎಂದು ಒಬ್ಬರು, ಕುಡಿಯಲು ನೀರಿಲ್ಲದ ಮೇಲೆ ನೇಮ ತೊಳೆದುಕೊಂಡು ಕುಡಿಯುವುದೇ ಎಂದು ಇನ್ನೊಬ್ಬರು. ಮನೆಗೆ ಬೆಂಕಿ ಬಿದ್ದಾಗ ಬಾವಿ ಎಲ್ಲಿ ತೋಡಬೇಕೆಂದು ಜಗಳ ಮಾಡಿದ ಹಾಗಾಯಿತು. ಮಶಾಕಸಾಬ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದ. ಒಂದೊಂದು ಮಾತಿಗೂ ಅಲ್ಲಿ ಒಂದೊಂದು ಬೆರಳು ನೀರು ಏರುತ್ತಿದೆ ಎಂದು ಅವನ ಜೀವ ಒದ್ದಾಡುತ್ತಿತ್ತು.

ಆಗ ಬಾಗಿಲ ಒಳಗಿಂದ ಶಾರದವ್ವ ಹೊರಗೆ ಬಂದಳು. ಕುಬೇರಪ್ಪನ ಹೆಂಡತಿ, ಅರವತ್ತರ ಮೇಲಿನ ಹೆಂಗಸು. ನಳ ಬಂದ ಮೇಲೂ ಪೂಜೆಗೆ ಕೆರೆಯ ನೀರೇ ಆಗಬೇಕೆಂದು ದಿನಾ ಒಂದು ಕೊಡ ಹೊತ್ತು ತರುವವಳು. ಗಂಡಸರು ಕೂಡಿದಲ್ಲಿ ಮಾತಾಡುವ ರೂಢಿ ಅವಳಿಗಿರಲಿಲ್ಲ.

"ಮಶಾಕ, ಮಣ್ಣ ಆಗಬೇಕಂತ ಐತೇನಪಾ? ಭಾರ ಇದ್ರ ಸಾಕೋ?"

"ಭಾರ ಇದ್ರ ಸಾಕ್ರಿ ಯವ್ವಾ. ಚೀಲ ತುಂಬಿರಬೇಕು."

ಶಾರದವ್ವ ಸೊಂಟಕ್ಕೆ ಸಿಕ್ಕಿಸಿದ್ದ ಕೀಲಿಗೊಂಚಲು ಬಿಚ್ಚಿ ಗಂಡನ ಮುಂದೆ ಕಟ್ಟೆಯ ಮೇಲಿಟ್ಟಳು. ಅದರಲ್ಲಿ ಉಗ್ರಾಣದ ಕೀಲಿ ಇತ್ತು. ಉಗ್ರಾಣದಲ್ಲಿ ಶಿವರಾತ್ರಿಯಿಂದ ನೂರ ನಲವತ್ತು ಚೀಲ ಕಡಲೆ ಒಟ್ಟಿಕೊಂಡು ಕೂತಿತ್ತು. ದರ ಏರಲಿ ಎಂದು ಕುಬೇರಪ್ಪ ಕಾಯುತ್ತಿದ್ದುದು ಊರಿಗೆಲ್ಲ ಗೊತ್ತು.

"ಕಡ್ಲಿ ಮುಟ್ಟಬ್ಯಾಡ್ರಿ ಅಂತ ಅವ್ವ ಎಂದೂ ಹೇಳಿಲ್ಲ," ಎಂದಳು. ಆಮೇಲೆ ದನಿ ತಗ್ಗಿಸಿ, "ಆರು ವರ್ಷ ನೀವಿಬ್ಬರು ಮಾತು ಬಿಟ್ಟೀರಿ. ನಾ ಆ ಕೆರಿ ನೀರು ಬಿಟ್ಟಿಲ್ಲ," ಎಂದಳು.

ಕುಬೇರಪ್ಪ ಕೀಲಿಯನ್ನು ನೋಡಿದ. ನೂರ ನಲವತ್ತು ಚೀಲ ಎಂದರೆ ಇಡೀ ವರ್ಷದ ಹಿಂಗಾರಿ ಬೆಳೆ. ನೀರಿಗೆ ಬಿದ್ದ ಕಡಲೆಯನ್ನು ದನಕ್ಕೆ ಹಾಕಬೇಕಷ್ಟೆ. ಕಡೆಗೆ ಕೀಲಿ ಎತ್ತಿಕೊಂಡು ಎದ್ದ, ಧೋತರ ಮೇಲಕ್ಕೆ ಕಟ್ಟಿದ, ಉಗ್ರಾಣದ ಕಡೆ ನಡೆದ.

ಆಮೇಲೆ ಹೇಳುವುದೇನಿದೆ. ಊರು ಎದ್ದಿತು. ಟ್ರ್ಯಾಕ್ಟರಿಲ್ಲ, ಚಕ್ಕಡಿಯಿಲ್ಲ, ಎಲ್ಲ ಬೆನ್ನ ಮೇಲೆ. ಕುಬೇರಪ್ಪನ ಕಡಲೆ ಹೊರಟಿದ್ದನ್ನು ನೋಡಿ ಉಳಿದವರು ಸುಮ್ಮನಿದ್ದಾರೆಯೇ? ನಮ್ಮದೆರಡು ಇರಲಿ, ನಮ್ಮದು ಮೂರು ಇರಲಿ ಎಂದು ಮನೆಮನೆಯಿಂದ ಚೀಲ ಹೊರಬಿದ್ದವು. ಕಡಲೆ, ಜೋಳ, ಹೆಸರು, ಬೀಜಕ್ಕೆಂದು ತೆಗೆದಿಟ್ಟ ಗೋದಿ. ಹುಸೇನಬಿ ಮನೆಗೆ ಓಡಿಹೋಗಿ ತಮ್ಮ ಅರ್ಧ ಚೀಲ ಜೋಳವನ್ನು ತಲೆಯ ಮೇಲೆ ಹೊತ್ತು ತಂದಳು. ಮನೆಯಲ್ಲಿ ಇದ್ದದ್ದು ಅಷ್ಟೇ. ಗುಡಿಯಿಂದ ಹುಣಸೆಮರದ ಮೂಲೆಯ ತನಕ ಜನ ಇರುವೆ ಸಾಲು ಹಚ್ಚಿದರು. ಮಶಾಕಸಾಬ ಮೂಲೆಯಲ್ಲಿ ನಿಂತು ಒಂದೊಂದು ಚೀಲವನ್ನೂ ಅಡ್ಡ ಉದ್ದ ಕೂಡಿಸಿ, ಸಂದಿಗೆ ಹುಲ್ಲು ತುರುಕಿಸಿ, ಎರಡು ಸಾಲು ಎಬ್ಬಿಸತೊಡಗಿದ.

ಆ ಗದ್ದಲದಲ್ಲಿ ಕುಬೇರಪ್ಪ ಬಂದ. ಬೇಡವೆಂದರೂ ಕೇಳದೆ ಆಳುಗಳ ಜೊತೆ ತಾನೂ ಒಂದು ಚೀಲ ಬೆನ್ನಿಗೆ ಹಾಕಿಕೊಂಡಿದ್ದ. ಬೆನ್ನು ಬಾಗಿ ಗದ್ದ ಎದೆಗೆ ತಾಗಿತ್ತು. ಏರಿ ಹತ್ತಿದ, ನಾಲ್ಕು ಹೆಜ್ಜೆ ಬಂದ. ಕಾಲಲ್ಲಿ ಕರ್‌ಕರ್ ಎನ್ನುವ ತೊಗಲಿನ ಚಪ್ಪಲಿ.

ಮಶಾಕಸಾಬ ಅದನ್ನು ನೋಡಿದ. ಬಾಯಿ ತಾನಾಗಿಯೇ ತೆರೆಯಿತು. ನೂರ ನಲವತ್ತು ಚೀಲ ಕೊಟ್ಟವನು, ಇವತ್ತು ಹೇಗೆ ಅನ್ನುವುದು? ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿದ. ಸಾಲಿನಲ್ಲಿದ್ದವರೂ ನೋಡಿದರು.

ಕುಬೇರಪ್ಪ ನಿಂತ. ಬೆನ್ನ ಮೇಲಿನ ಚೀಲ ಇಳಿಸದೆ, ಒಂದು ಕಾಲು ಕೊಡವಿದ, ಇನ್ನೊಂದು ಕಾಲು ಕೊಡವಿದ. ಚಪ್ಪಲಿ ಎರಡೂ ಏರಿಯ ಕೆಳಗೆ ಬಿದ್ದವು.

"ಬೈಯೋ ಮಾರಾಯಾ," ಎಂದ. "ನೀ ಬಾಯಿ ಮುಚಗೊಂಡು ನಿಂತರ ಕೆರಿ ಹೋತೇನೋ ಅಂತ ಎದಿ ಒಡೀತೈತಿ."

ಮಶಾಕಸಾಬನ ಕಣ್ಣು ತುಂಬಿತು. ಕೆಸರುಗೈಯಲ್ಲೇ ಒರೆಸಿಕೊಂಡು, ಎರಡು ಹೆಜ್ಜೆ ಮುಂದೆ ಹೋಗಿ ಕುಬೇರಪ್ಪನ ಬೆನ್ನಿನ ಚೀಲವನ್ನು ತನ್ನ ಬೆನ್ನಿಗೆ ತೆಗೆದುಕೊಂಡ. ಆಮೇಲೆ ಹಿಂದಕ್ಕೆ ತಿರುಗಿ, ಸಾಲಿನಲ್ಲಿ ಬೀಡಿ ಹಚ್ಚಿದ್ದ ಒಬ್ಬನಿಗೆ ಅವನ ಅಪ್ಪನ ಹೆಸರು ಹಿಡಿದು ಬೈದ. ಸಾಲಿಗೆ ಸಾಲೇ ನಕ್ಕಿತು. ಎಲ್ಲರ ಕೈ ಮತ್ತೆ ಚುರುಕಾಯಿತು.

ಹನ್ನೆರಡು ಗಂಟೆಗೆ ಹಳ್ಳದ ನೀರು ಏರಿಯ ಹಳೆಯ ತಲೆಯನ್ನು ದಾಟಿ ಚೀಲದ ಸಾಲಿಗೆ ತಾಗಿತು. ಮೊದಮೊದಲು ಸಂದಿಗಳಲ್ಲಿ ಎಳೆಎಳೆಯಾಗಿ ಒಳಗೆ ಸುರಿಯಿತು. ಜನ ಬಟ್ಟೆ ತುರುಕಿದರು, ಬೆನ್ನು ಕೊಟ್ಟು ಕೂತರು. ಬೀರೇಶ ತನ್ನ ಕಂಬಳಿಯನ್ನೇ ಒಂದು ಸಂದಿಗೆ ಹೊಡೆದ. ಮಶಾಕಸಾಬ ಉದ್ದಕ್ಕೂ ಓಡಾಡುತ್ತ ಕೈಯಿಟ್ಟು ನೋಡುತ್ತಿದ್ದ. ಒಂದು ಗಂಟೆಯ ಸುಮಾರಿಗೆ ಅವನ ಅಂಗೈಗೆ ಏನೋ ಬೇರೆ ತಿಳಿಯಿತು. ಸಡಿಲವಿದ್ದ ಚೀಲಗಳು ಗಟ್ಟಿಯಾಗುತ್ತಿದ್ದವು. ಕಡಲೆ ನೀರು ಕುಡಿದು ಉಬ್ಬುತ್ತಿತ್ತು. ರಾತ್ರಿ ನೆನೆಹಾಕಿದ ಕಡಲೆ ಬೆಳಿಗ್ಗೆ ಬೋಗುಣಿ ತುಂಬುವುದು ಯಾವ ಮನೆಯ ಹೆಂಗಸಿಗೆ ಗೊತ್ತಿಲ್ಲ, ಆದರೆ ಇಲ್ಲಿ ಯಾರಿಗೂ ಹೊಳೆದಿರಲಿಲ್ಲ. ಒಂದು ಚೀಲ ಇನ್ನೊಂದನ್ನು ಒತ್ತಿ, ಅದು ಮತ್ತೊಂದನ್ನು ಒತ್ತಿ, ಎರಡು ಗಂಟೆಯ ಹೊತ್ತಿಗೆ ಸಂದಿಗಳೆಲ್ಲ ಮುಚ್ಚಿಕೊಂಡವು. ಸುರಿಯುವುದು ಜಿನುಗಾಯಿತು, ಜಿನುಗುವುದು ನಿಂತಿತು.

ಆದರೂ ಮಶಾಕಸಾಬ ಕೂರಲಿಲ್ಲ. ಮೂರು ಗಂಟೆಯ ತನಕ ನೀರು ಅಲ್ಲೇ ನಿಂತಿತ್ತು, ಏರಲೂ ಇಲ್ಲ, ಇಳಿಯಲೂ ಇಲ್ಲ. ಹುಣಸೆಮರದ ಬೊಡ್ಡೆಗೆ ಸುಣ್ಣದಿಂದ ಒಂದು ಗೆರೆ ಎಳೆದು ಅದನ್ನೇ ನೋಡುತ್ತ ಅತ್ತಿತ್ತ ತಿರುಗುತ್ತಿದ್ದ. ನಾಲ್ಕಕ್ಕೆ ಗೆರೆಯ ಕೆಳಗೆ ಒಂದು ಬೆರಳು ಒದ್ದೆ ತೊಗಟೆ ಕಾಣಿಸಿತು. ನಾಲ್ಕೂವರೆಗೆ ಎರಡು ಬೆರಳು. ಆಗ ಅವನು ಕೆರೆಯ ಒಳಮೆಟ್ಟಿಲಿಗೆ ಇಳಿದು ಬೊಗಸೆಯಲ್ಲಿ ನೀರೆತ್ತಿ ಕುಡಿದ. ಎಂದಿನ ನೀರೇ. ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ಕಾಲು ನೀರಲ್ಲಿ ಇಳಿದಿತ್ತು. ಯಾರಾದರೂ ಬೇರೆಯವರು ಹಾಗೆ ಕೂತಿದ್ದರೆ ಅವತ್ತು ಅವರ ಗತಿ ದೇವರಿಗೇ ಪ್ರೀತಿ. ಎದುರಿಗೆ ಶಾರದವ್ವ ಕೊಡ ಹಿಡಿದು ಬಂದು ನಿಂತಾಗ ನಾಚಿ ಕಾಲು ಮೇಲೆಳೆದುಕೊಂಡ. ಅವಳು ನೋಡಿಯೂ ನೋಡದಂತೆ ಕೊಡ ತುಂಬಿಕೊಂಡು ಹೋದಳು.

ದೀಪ ಹಚ್ಚುವ ಹೊತ್ತಿಗೆ ಗುಡಿಯ ಗಂಟೆ ಮೊಳಗಿತು. ವಾರ ಮುಗಿಯಿತು. ಗಂಟೆಯ ಸದ್ದು ನಿಲ್ಲುವ ಮೊದಲೇ ಕುಬೇರಪ್ಪನ ಟ್ರ್ಯಾಕ್ಟರು ಗರಸು ಮಣ್ಣು ತುಂಬಲು ಹೊರಟಿತು. ಮಶಾಕಸಾಬನಿಗೆ ಆಗ ಅಮೃತಾ ಮೇಡಂ ನೆನಪಾದಳು. ಪಾಪ, ಆ ಹುಡುಗಿ ಬೆಳಗಿನಿಂದ ಆಚೆ ದಂಡೆಯಲ್ಲಿ ನಿಂತಿದೆ. ನೋಯುವ ಮೊಣಕಾಲನ್ನು ಹಿಡಿದುಕೊಂಡು ಅವನು ಐದನೆಯ ಸಲ ಹುಡೇ ಹತ್ತಿದ.

ಫೋನು ಹಚ್ಚುವ ಮೊದಲೇ ಅದು ಗಂಟೆ ಹೊಡೆಯಿತು. ಅಮೃತಾಳ ದನಿ ಅಳು ಬರುವ ಹಾಗಿತ್ತು. ಹತ್ತು ಗಂಟೆಯಿಂದ ಫೋನು ಹತ್ತಲಿಲ್ಲ, ಕೆರೆ ಏನಾಯಿತು, ದೋಣಿ ಈಗ ಬಂತು, ಮೊದಲ ಸರತಿಯಲ್ಲಿ ಇಪ್ಪತ್ತು ಜನರನ್ನು ಕಳಿಸುತ್ತೇನೆ, ಸಾಲದಿದ್ದರೆ ಇನ್ನೆಷ್ಟು ಜನ ಬೇಕು ಹೇಳಿರಿ ಎಂದು ಒಂದೇ ಉಸಿರಿಗೆ ಕೇಳಿದಳು.

ಮಶಾಕಸಾಬ ಕೆಳಗೆ ನೋಡಿದ. ಹುಣಸೆಮರದ ಮೂಲೆಯಲ್ಲಿ ಹೊಟ್ಟೆ ಉಬ್ಬಿಸಿಕೊಂಡ ಚೀಲಗಳ ಸಾಲು. ಅದಕ್ಕೆ ಬೆನ್ನು ಕೊಟ್ಟು, ಕೆಸರು ಮೆತ್ತಿದ ಮಡಿ ಬಟ್ಟೆಯಲ್ಲಿ, ಕುಬೇರಪ್ಪನಿಂದ ಹಿಡಿದು ಬೀಡಿಯವನ ತನಕ ಊರೆಲ್ಲ ಕೂತು ಚಹಾ ಕುಡಿಯುತ್ತಿತ್ತು. ಏರಿಯ ಕೆಳಗೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಇನ್ನೂರು ಜೊತೆಯಾದರೂ ಇದ್ದೀತು. ಟ್ರಂಕಿನಲ್ಲಿದ್ದ ಕಾಗದ ನೆನಪಾಯಿತು, ಅದನ್ನು ಬರೆದು ಕಳಿಸದೆ ಇಟ್ಟುಕೊಂಡವನೂ ನೆನಪಾದ. ಅವನ ಬಗ್ಗೆ ಮೊದಲ ಸಲ ಸಿಟ್ಟು ಬರಲಿಲ್ಲ, ಅಯ್ಯೋ ಅನ್ನಿಸಿತು.

"ಮಶಾಕಸಾಬ್ರ, ಕೇಳಸ್ತೈತೇನ್ರಿ? ಎಷ್ಟು ಮಂದಿ ಬೇಕ್ರಿ?"

"ಬ್ಯಾಡ್ರಿ ಮೇಡಂ," ಎಂದ ಮಶಾಕಸಾಬ. "ದಂಡು ಬಂದೈತ್ರಿ."